ಟ್ಯೂನರ್ ಹಾಕಿದ ಮೇಲೆ ರೈಫಲ್ ಮುಂಭಾರ ಆಗಿದೆ, ಬಟ್‌ಗೆ (ಹಿಂತುದಿಗೆ) ಎಷ್ಟು ಸೀಸ?

ತುಂಗಾತೀರ, ಶಿವಮೊಗ್ಗ:
.22 ಬೆಂಚ್‌ರೆಸ್ಟ್ (ಮೇಜಿನ ಮೇಲೆ ರೈಫಲ್ ಊರಿಸಿ ಗುರಿ ಹೊಡೆಯುವುದು), 50 ಮೀಟರ್. ನಳಿಕೆ ತುದಿಗೆ 220 ಗ್ರಾಂ ಟ್ಯೂನರ್ (ನಳಿಕೆಯ ಕಂಪನ ಹೊಂದಿಸುವ ತೂಕ) ಸೇರಿ ಒಟ್ಟು 5.6 ಕೆ.ಜಿ. ಹಿಂದಿನ ಮರಳುಚೀಲದ ಮೇಲೆ ಬಟ್ ಗಟ್ಟಿಯಾಗಿ ಕೂರುತ್ತಿಲ್ಲ, ಗುಂಡುಗಳು ಮೇಲೆ-ಕೆಳಗೆ ಚದುರುತ್ತಿವೆ.

ಸಾಗರದವ:
ಮೊದಲು ಚೇಂಬರ್ (ಗುಂಡು ಕೂರುವ ಜಾಗ) ಖಾಲಿ ಇದೆಯಾ ನೋಡಿಕೊಳ್ಳಿ ಸರ್. ಸ್ಕೋಪ್, ಬೋಲ್ಟ್ ಸಮೇತ ಒಂದು ದುಂಡು ಕೋಲಿನ ಮೇಲೆ ಇಟ್ಟು ಸಮತೋಲನದ ಬಿಂದು ಗುರುತು ಮಾಡಿ. ಟ್ಯೂನರ್ ಹಳೆಯ (ಅದನ್ನು ಹಾಕುವ ಮೊದಲಿನ) ಬಿಂದುವಿನಿಂದ 65 ಸೆಂ.ಮೀ. ಮುಂದಿದ್ದರೆ, ಬಿಂದು ಸುಮಾರು 2.5 ಸೆಂ.ಮೀ. ಮುಂದಕ್ಕೆ ಸರಿದಿರುತ್ತೆ. ಅದನ್ನು ವಾಪಸ್ ತರಲು ಈಗಿನ ಬಿಂದುವಿನಿಂದ 45 ಸೆಂ.ಮೀ. ಹಿಂದೆ 330 ಗ್ರಾಂ ಸೀಸ ಬೇಕು. ಒಮ್ಮೆಲೇ ಬೇಡ, 100 ಗ್ರಾಂನಂತೆ ಟೇಪ್ ಸುತ್ತಿ ಪರೀಕ್ಷಿಸಿ, ಸರಿಬಂದ ಮೇಲೆ ಬಟ್ ಒಳಗೆ ಎಪಾಕ್ಸಿ ಹಾಕಿ ಕೂರಿಸಿ. ಮಧ್ಯರೇಖೆ ಬಿಟ್ಟರೆ ರೈಫಲ್ ಪಕ್ಕಕ್ಕೆ ವಾಲುತ್ತೆ. ನಿಮ್ಮ ವರ್ಗದ ತೂಕದ ಮಿತಿಯನ್ನೂ ನೋಡಿ.

ಕೊಪ್ಪದ ಮಳೆ:
ಸೀಸಕ್ಕೂ ಮೊದಲು ಚೀಲ. ರೈಫಲನ್ನು ಕೈಯಲ್ಲಿ ಹಿಂದೆ-ಮುಂದೆ ಜಾರಿಸಿ. ಸ್ಕೋಪಿನ ಗೆರೆ ಪಕ್ಕಕ್ಕೆ ಓಡಿದರೆ ಮುಂದಿನ ರೆಸ್ಟ್ (ರೈಫಲ್ ಊರುವ ಆಸರೆ), ಚೀಲದ ಕಿವಿ (ಬಟ್ ನಡುವೆ ಕೂರುವ ಎರಡು ಉಬ್ಬು) ಒಂದೇ ಸಾಲಿನಲ್ಲಿಲ್ಲ. ಆಷಾಢದಲ್ಲಿ ನಮ್ಮ ಕಡೆ ಚೀಲದ ಚರ್ಮ ತೇವ ಹೀರಿ ಅಂಟುತ್ತೆ, ಟಾಲ್ಕಂ ಪೌಡರೂ ಮುದ್ದೆ ಕಟ್ಟುತ್ತೆ. ಮರದ ಸ್ಟಾಕ್ (ನಳಿಕೆ ಕೂರಿಸುವ ಹಿಡಿಭಾಗ) ಆದರೆ ಉಬ್ಬಿ ನಳಿಕೆಗೆ ತಾಗಿದೆಯಾ ಅಂತ ಕಾಗದ ತೂರಿಸಿ ನೋಡಿ. ತಾಗಿದ್ದರೆ ಎಷ್ಟು ಸೀಸ ಹಾಕಿದರೂ ಚದುರುವುದು ನಿಲ್ಲಲ್ಲ.