ಅಪ್‌ಡೇಟ್: ಮಳೆಗೆ ಸೋರುತ್ತಿದ್ದ ಹೊಸ ಕಾರಿನ ಕತೆ

ಹೋದ ತಿಂಗಳು ಕೇಳಿದ್ದೆನಲ್ಲ, ಹೊಸ ಕಾರಿನೊಳಗೆ ನೀರು ಬರ್ತಿದೆ, ಮೂರು ಸಲ ಸರ್ವೀಸಿಗೆ ಬಿಟ್ಟರೂ ಸರಿಹೋಗಿಲ್ಲ, ಏನು ಮಾಡಲಿ ಅಂತ. ಈಗ ಒಂದು ಹಂತಕ್ಕೆ ಬಂದಿದೆ.

ಪ್ರತಿ ಸಲವೂ ಶೋರೂಂನವರದ್ದು ಒಂದೇ ರಾಗ: ‘ಸಾರ್, ನಿಮ್ಮ ಮಡಿಕೇರಿ ಮಳೆನೇ ಹಾಗೆ.’ ಮಳೆಗೆ ಸೋರೋದಾದರೆ ಕಾರ್ ಯಾಕೆ, ಕೊಡೆ ಸಾಕಿತ್ತು! ಡ್ರೈವರ್ ಪಕ್ಕದ ಮ್ಯಾಟ್ ಎತ್ತಿದರೆ ಕಾರ್ಪೆಟ್ ಹಿಂಡುವಷ್ಟು ಒದ್ದೆ, ಬೂಷ್ಟಿನ ವಾಸನೆ.

ಎಲ್ಲವೂ ಬರವಣಿಗೆಯಲ್ಲಿರಲಿ ಅಂತ ನೀವು ಹೇಳಿದಂತೆ ಬಾಯಿಮಾತು ಬಿಟ್ಟೆ. ಜಾಬ್ ಕಾರ್ಡಿನಲ್ಲಿ (ಸರ್ವೀಸಿಗೆ ಬಿಡುವಾಗ ಕಾರಿನ ದೂರು ಬರೆದುಕೊಳ್ಳುವ ಚೀಟಿ) ‘ಜನರಲ್ ಚೆಕಪ್’ ಅಂತ ಬರೆದಿದ್ದನ್ನು ಹೊಡೆದುಹಾಕಿಸಿ, ‘ನೀರು ಸೋರಿಕೆ, ನಾಲ್ಕನೇ ಸಲ’ ಅಂತ ಬರೆಸಿದ ಮೇಲೇ ಸಹಿ ಹಾಕಿದ್ದು. ಫೋಟೋ ಸಮೇತ ಕಂಪನಿಗೆ ಈಮೇಲ್, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು. 2 ವರ್ಷದೊಳಗೆ ಮಡಿಕೇರಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು ಅಂತ ಈಮೇಲಿನಲ್ಲೇ ಬರೆದೆ.

ವಾರದೊಳಗೆ ಕಂಪನಿಯ ಇಂಜಿನಿಯರ್ ಬಂದರು. ಬಾನೆಟ್ ತೆಗೆದು ಮುಂದಿನ ಗಾಜಿನ ಬುಡದಲ್ಲಿ ಮಳೆನೀರು ಹೊರಹೋಗುವ ತೂತಿಗೆ ಕೈ ಹಾಕಿದರೆ ಒಂದು ಹಿಡಿ ಸಿಲ್ವರ್ ಓಕ್ ಎಲೆ! ಅದು ನಮ್ಮ ತೋಟದ್ದೇ, ಒಪ್ಪಿಕೊಂಡೆ. ಆದರೆ ಪಕ್ಕದ ರಬ್ಬರ್ ಸೀಲ್ ಕೂತಿರಲೇ ಇಲ್ಲ, ಅದು ಅವರದ್ದು. ಸೀಲ್, ಕಾರ್ಪೆಟ್ ಎರಡೂ ವಾರಂಟಿಯಲ್ಲಿ ಬದಲಾಯ್ತು.

ನಿನ್ನೆ ಸಂಪಾಜೆ ಘಾಟಿಯಲ್ಲಿ ಜಡಿಮಳೆ. ಕಾಲ ಬುಡ ಒಣಗಿತ್ತು. ಜಾಬ್ ಕಾರ್ಡುಗಳನ್ನು ಮಾತ್ರ ಎಸೆದಿಲ್ಲ.