ಟೇಬಲ್ ಟೆನಿಸ್‌ನಲ್ಲಿ ಫೋರ್‌ಹ್ಯಾಂಡ್ ಲೂಪ್ (ಚೆಂಡಿಗೆ ಮುಮ್ಮುಖ ಸ್ಪಿನ್ ಕೊಟ್ಟು ಮೇಲೆತ್ತುವ ಹೊಡೆತ) ಎತ್ತಿದರೆ ಭುಜ ನೋವು. ತಪ್ಪು ಸ್ಟ್ರೋಕ್‌ನದ್ದೋ, ಬ್ಯಾಟಿನದ್ದೋ?

ಶೇಕ್‌ಹ್ಯಾಂಡ್_ಬಲಗೈ:
ವಾರಕ್ಕೆ ನಾಲ್ಕು ದಿನ ಆಟ. ಎದುರಾಳಿ ಪುಶ್ ಮಾಡಿದ (ಬ್ಯಾಕ್‌ಸ್ಪಿನ್, ಅಂದರೆ ಹಿಮ್ಮುಖ ಸ್ಪಿನ್ ಕೊಟ್ಟು ತಳ್ಳಿದ) ಚೆಂಡನ್ನು ಫೋರ್‌ಹ್ಯಾಂಡ್‌ನಲ್ಲಿ ಲೂಪ್ ಎತ್ತುವಾಗ ಬಲ ಭುಜದ ಮುಂಭಾಗ ಚುಚ್ಚುತ್ತದೆ. ಲಾಬ್‌ಗೆ (ಎತ್ತರಕ್ಕೆ ಎತ್ತಿಕೊಟ್ಟ ಚೆಂಡಿಗೆ) ಸ್ಮ್ಯಾಶ್ ಹೊಡೆದರೂ ಅಷ್ಟೇ. ಬಂದ ಚೆಂಡಿನ ವೇಗವನ್ನೇ ಬಳಸಿ ಬ್ಲಾಕ್, ಕೌಂಟರ್ ಆಡುವಾಗ ಏನೂ ಇಲ್ಲ. ಬ್ಯಾಟ್ 194 ಗ್ರಾಂ. ಒಂದು ವಾರ ಬಿಟ್ಟರೆ ಹೋಗುತ್ತದೆ, ಆಡಿದರೆ ಮತ್ತೆ ಶುರು.

ಮಲ್ಟಿಬಾಲ್_ಬುಟ್ಟಿ:
ಕೌಂಟರ್‌ನಲ್ಲಿ ಇಲ್ಲದ ನೋವು ಪುಶ್ ಎತ್ತುವಾಗ ಬಂದರೆ ಮೊದಲು ಮೊಣಕಾಲು ನೋಡಿಕೊಳ್ಳಿ, ಭುಜ ಆಮೇಲೆ. ಬ್ಯಾಕ್‌ಸ್ಪಿನ್ ಚೆಂಡು ಬ್ಯಾಟಿಗೆ ತಾಗಿದೊಡನೆ ಕೆಳಕ್ಕೆ ಜಾರುತ್ತದೆ, ಹಾಗಾಗಿ ಅದನ್ನು ಯಾವುದೋ ಒಂದು ಶಕ್ತಿ ಮೇಲೆತ್ತಲೇಬೇಕು. ಕಾಲು ನೆಟ್ಟಗಿದ್ದರೆ ಆ ಕೆಲಸ ಪೂರ್ತಿ ತೋಳಿನ ಪಾಲಿಗೆ ಬೀಳುತ್ತದೆ.

ಬಲಗಾಲು ಅರ್ಧ ಹೆಜ್ಜೆ ಹಿಂದಿರಲಿ, ಮೈಭಾರ ಅದರ ಮೇಲೆ. ಮೊಣಕಾಲು ಬಗ್ಗಿಸಿಯೇ ಬ್ಯಾಟನ್ನು ಕೆಳಗಿಳಿಸಿ, ಭುಜ ಕುಸಿಸಿ ಅಲ್ಲ. ಬ್ಯಾಟ್ ಹಿಂದಕ್ಕೆ ಹೋಗುವುದು ಸೊಂಟ ತಿರುಗಿದ್ದರಿಂದ ಆಗಬೇಕು. ಎದೆ ಟೇಬಲ್ ಕಡೆಗೇ ಇದ್ದು ಕೈ ಮಾತ್ರ ಬೆನ್ನ ಹಿಂದೆ ಹೋದರೆ ಭುಜದ ಮುಂಭಾಗ ಪೂರ್ತಿ ಎಳೆದುಕೊಳ್ಳುತ್ತದೆ, ನಿಮಗೆ ಚುಚ್ಚುವುದೂ ಅಲ್ಲೇ. ಮೊಣಕೈ ಸ್ವಲ್ಪ ಮಡಚಿರಲಿ, ಕಂಕುಳಲ್ಲಿ ಒಂದು ಮುಷ್ಟಿಯಷ್ಟು ಜಾಗ ಸಾಕು.

ಇನ್ನೊಂದು, ಚೆಂಡು ಮೈಯ ಪಕ್ಕ ದಾಟುವವರೆಗೆ ಕಾಯಬೇಡಿ. ಮೈಗಿಂತ ತುಸು ಮುಂದೆಯೇ ಸಿಗಬೇಕು. ತಡವಾದಾಗ ಕೈ ಹಿಂದುಳಿಯುತ್ತದೆ, ಸೊಂಟ ಮುಂದೆ ಹೋಗಿರುತ್ತದೆ, ನಡುವೆ ಸಿಕ್ಕಿ ಒದ್ದಾಡುವುದು ಭುಜ. ಸ್ಟ್ರೋಕ್ ಹಣೆಯ ಮಟ್ಟಕ್ಕೆ ಮುಗಿಯಲಿ. ಮೊಣಕೈ ಭುಜಕ್ಕಿಂತ ಮೇಲೆ ಹೋಗಿದ್ದರೆ ಅತಿಯಾಯಿತು ಎಂದರ್ಥ.

ಪ್ಲೈ_ಪರೀಕ್ಷಕ:
ಮೇಲಿನದ್ದು ಸರಿ, ಆದರೆ 194 ಗ್ರಾಂ ಸಣ್ಣ ವಿಷಯವಲ್ಲ. ಪ್ಲೈ (ಬ್ಯಾಟಿನ ಮರದ ಭಾಗ) 90, ರಬ್ಬರ್ ಒಂದೊಂದು 50ರ ಆಸುಪಾಸು ಅಂದರೆ ಲೆಕ್ಕ ಅಲ್ಲಿಗೇ ಬರುತ್ತದೆ. ಪ್ಲೈ ಬದಲಿಸುವ ಖರ್ಚು ಬೇಡ. ಬ್ಯಾಕ್‌ಹ್ಯಾಂಡ್ ಕಡೆಗೆ ಮೃದು ಸ್ಪಂಜಿನ, 1.8 ಅಥವಾ 2.0 ಮಿ.ಮೀ. ದಪ್ಪದ ಹಗುರ ರಬ್ಬರ್ ಹಾಕಿದರೆ ಕೆಲವು ಗ್ರಾಂ ಇಳಿಯುತ್ತದೆ. ಭಾರ ಬ್ಯಾಟಿನ ತಲೆಯ ಕಡೆ ಇರುವುದರಿಂದ ಆ ಕೆಲವು ಗ್ರಾಂ ಕೈಗೆ ಚೆನ್ನಾಗಿಯೇ ಗೊತ್ತಾಗುತ್ತದೆ.

ಹಿಡಿತವನ್ನೂ ನೋಡಿಕೊಳ್ಳಿ. ಸ್ಟ್ರೋಕ್ ಶುರುವಿನಿಂದಲೇ ಹಿಡಿ ಹಿಸುಕಿದರೆ ಮುಂಗೈಯಿಂದ ಕತ್ತಿನವರೆಗೆ ಬಿಗಿಯಾಗುತ್ತದೆ. ಚೆಂಡು ತಾಗುವ ಕ್ಷಣದಲ್ಲಿ ಮಾತ್ರ ಬಿಗಿ ಮಾಡಿ. 2014ರಲ್ಲಿ ಪ್ಲಾಸ್ಟಿಕ್ ಚೆಂಡು ಬಂದ ಮೇಲೆ ಹಳೆಯ ಸೆಲ್ಯುಲಾಯ್ಡ್ ಚೆಂಡಿನಷ್ಟು ಸ್ಪಿನ್ ಬರುವುದಿಲ್ಲವೆಂದು ತೋಳು ಬೀಸಿ ಸರಿದೂಗಿಸಲು ಹೋಗುವವರು ಬಹಳ. ಸ್ಪಿನ್ ಬೇಕಿದ್ದರೆ ಮುಂಗೈ ವೇಗವಾಗಿ ಮಡಚಿ, ಭುಜದಿಂದ ದೊಡ್ಡದಾಗಿ ಬೀಸಬೇಡಿ.

ಶೇಕ್‌ಹ್ಯಾಂಡ್_ಬಲಗೈ:
ಕಂಕುಳಲ್ಲಿ ಟವೆಲ್ ಇಟ್ಟು ಶ್ಯಾಡೋ (ಚೆಂಡಿಲ್ಲದೆ ಸ್ಟ್ರೋಕ್ ಅಭ್ಯಾಸ) ಮಾಡಿದರೆ? ಸ್ಮ್ಯಾಶ್‌ಗೆ ಏನು ಮಾಡಲಿ?

ಮಲ್ಟಿಬಾಲ್_ಬುಟ್ಟಿ:
ಟವೆಲ್ ನಿಧಾನದ ಶ್ಯಾಡೋಗೆ ಮಾತ್ರ. ಆಟದಲ್ಲಿ ಕೈ ಮೈಗೆ ಅಂಟಿಕೊಂಡರೆ ಬೇರೆ ತೊಂದರೆ.

ಸ್ಮ್ಯಾಶ್‌ಗೆ ಚೆಂಡಿನ ಹಿಂದೆ ಕೈ ಚಾಚಬೇಡಿ. ಎರಡು ಹೆಜ್ಜೆ ಹಿಂದೆ ಸರಿದು, ಅದು ಹಣೆಯ ಮಟ್ಟಕ್ಕೆ ಇಳಿಯಲಿ. ಪಕ್ಕಕ್ಕೆ ತಿರುಗಿ ನಿಂತು ಎಡಗೈ ಚೆಂಡಿನತ್ತ ಎತ್ತಿ, ಹೊಡೆಯುವಾಗ ಅದನ್ನು ಕೆಳಗೆಳೆದುಕೊಳ್ಳಿ. ಎಡ ಭುಜ ಇಳಿದಾಗ ಮೈ ವಾಲುತ್ತದೆ, ಬಲಗೈ ತಾನಾಗಿಯೇ ಮೇಲೆ ಹೋಗುತ್ತದೆ, ಭುಜದ ಕೀಲನ್ನು ಅಷ್ಟು ಮೇಲೆತ್ತಬೇಕಿಲ್ಲ.

ಎರಡು ವಾರ ಸ್ಮ್ಯಾಶ್ ಬಂದ್. ಪುಶ್ ಚೆಂಡಿನ ಮಲ್ಟಿಬಾಲ್ (ಒಬ್ಬರು ಒಂದರ ಹಿಂದೊಂದು ಚೆಂಡು ಕೊಡುವ ಅಭ್ಯಾಸ) ಅರ್ಧ ಬಲದಲ್ಲಿ, 15ರಂತೆ ನಾಲ್ಕು ಸುತ್ತು, ನಡುವೆ ಬಿಡುವು. ಚುಚ್ಚಿದ ಕೂಡಲೇ ಆ ದಿನಕ್ಕೆ ನಿಲ್ಲಿಸಿ. ಪಕ್ಕದಿಂದ ಸ್ಲೋ ಮೋಷನ್ ವಿಡಿಯೊ ತೆಗೆಸಿ: ಚೆಂಡು ತಾಗುವ ಫ್ರೇಮಿನಲ್ಲಿ ಬ್ಯಾಟ್ ಮೈಗಿಂತ ಹಿಂದಿದ್ದರೆ ಉಳಿದದ್ದೆಲ್ಲ ಬಿಟ್ಟು ಅದನ್ನೇ ಸರಿಮಾಡಿ.

ಪ್ಲೈ_ಪರೀಕ್ಷಕ:
ರಬ್ಬರ್ ಬ್ಯಾಂಡ್ ವ್ಯಾಯಾಮವೂ ಸೇರಲಿ: ಮೊಣಕೈ ಸೊಂಟಕ್ಕೆ ಒತ್ತಿ, 90 ಡಿಗ್ರಿ ಮಡಚಿ, ಮುಂಗೈಯನ್ನು ಹೊರಕ್ಕೆ ಎಳೆಯುವುದು, ದಿನ ಬಿಟ್ಟು ದಿನ 15ರಂತೆ ಮೂರು ಸಲ. ರಾತ್ರಿ ಆ ಮಗ್ಗುಲಿಗೆ ಮಲಗಲಾಗದಿದ್ದರೆ, ಕೈ ಪಕ್ಕದಿಂದ ಎತ್ತುವಾಗ ಬಲವೇ ಇಲ್ಲದಂತಾದರೆ ಇದ್ಯಾವುದೂ ಬೇಡ, ಮೊದಲು ಮೂಳೆ ಡಾಕ್ಟರಿಗೆ ತೋರಿಸಿ.