‘ಅವನು ಬಿಟ್ಟು ಹೋದರೆ?’: ಓದುಗರ ಸ್ಪಂದನ

(ಕಳೆದ ವಾರದ ಪ್ರಶ್ನೆ: ನಾಲ್ಕು ವರ್ಷದ ಪ್ರೀತಿ, ಎರಡೂ ಮನೆಯವರು ಒಪ್ಪಿದ್ದಾರೆ. ಆದರೂ ಅವನ ಉತ್ತರ ತಡವಾದರೆ ಎದೆ ಡವಡವ ಅನ್ನುತ್ತದೆ. ನಿಶ್ಚಿತಾರ್ಥವನ್ನು ನಾನೇ ಎರಡು ಸಲ ಮುಂದೂಡಿದ್ದೇನೆ. ಏನು ಮಾಡಲಿ?)

ನಿಮ್ಮ ಪತ್ರದಲ್ಲಿ ಹುಡುಗನ ತಪ್ಪು ಒಂದೂ ಕಾಣಲಿಲ್ಲ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ, ಅಷ್ಟೇ. ‘ಕೋಪನಾ?’ ಅಂತ ಕೇಳ್ತೀರಿ. ‘ಇಲ್ಲ’ ಅಂತಾನೆ. ಅರ್ಧ ಗಂಟೆ ನೆಮ್ಮದಿ, ಮತ್ತೆ ಶುರು. ತುರಿಕೆ ಕೆರೆದ ಹಾಗೆ, ಆ ಕ್ಷಣಕ್ಕೆ ಮಾತ್ರ ಹಿತ. ಕೊನೆಗೆ ಅವನಿಗೂ ಸಾಕಾಗಿ ಮಾತು ಕಡಿಮೆಯಾಗುತ್ತದೆ. ಆಗ ‘ನಾನು ಹೇಳಿರಲಿಲ್ವಾ’ ಅಂತ ನಿಮ್ಮ ಭಯವೇ ಗೆಲ್ಲುತ್ತದೆ.

ನಿಶ್ಚಿತಾರ್ಥ ಮುಂದೂಡಿದ್ದೂ ಅದೇ ಭಯದಿಂದ ಅಲ್ವಾ? ಅವನು ಬಿಡುವ ಮೊದಲು ನಾನೇ ದೂರ ನಿಂತರೆ ನೋವು ಕಡಿಮೆ ಅನ್ನೋ ಲೆಕ್ಕ.

ನೀವೊಬ್ಬರೇ ಹೀಗಿಲ್ಲ. ಅಮೆರಿಕದ ಡೆನ್ವರ್‌ನಲ್ಲಿ ಸಿಂಡಿ ಹಜಾನ್, ಫಿಲಿಪ್ ಶೇವರ್ ಎಂಬ ಮನೋವಿಜ್ಞಾನಿಗಳು ದಿನಪತ್ರಿಕೆಯೊಂದರಲ್ಲಿ ಪ್ರೀತಿಯ ಬಗ್ಗೆ ಪ್ರಶ್ನೆಗಳನ್ನು ಹಾಕಿಸಿದ್ದರು. 1987ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 620 ಓದುಗರ ಉತ್ತರಗಳಿವೆ. ‘ಇವರಿಗೆ ನನ್ನ ಮೇಲೆ ನಿಜವಾಗಿ ಪ್ರೀತಿ ಇದೆಯಾ’ ಎಂದು ಕೊರಗುವವರು ಶೇ. 19ರಷ್ಟು, ಯಾರಾದರೂ ಹತ್ತಿರ ಬಂದರೆ ಹಿಂಜರಿಯುವವರು ಶೇ. 25ರಷ್ಟು. ನಿಮ್ಮಲ್ಲಿ ಎರಡೂ ಸ್ವಲ್ಪ ಸ್ವಲ್ಪ ಇದ್ದ ಹಾಗಿದೆ!

ಮುಂದಿನ ಸಲ ‘ಯಾಕೆ ರಿಪ್ಲೈ ಮಾಡಿಲ್ಲ’ ಅನ್ನುವ ಬದಲು ‘ನಂಗೆ ಭಯ ಆಗ್ತಿದೆ’ ಅನ್ನಿ. ಜಗಳದ ದಾರಿಯೇ ಬೇರೆಯಾಗುತ್ತದೆ. ರಾತ್ರಿ ನಿದ್ದೆಯೇ ಬಾರದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.
– ಆಪ್ತಸಮಾಲೋಚಕಿ, ಮೈಸೂರು

ತಂಗಿ, ‘ತಾಳಿ ಬಿದ್ದರೆ ಎಲ್ಲಾ ಸರಿಹೋಗತ್ತ’ ಅನ್ನೋರ ಮಾತು ಕೇಳಬ್ಯಾಡ. ನನ್ನ ಅಕ್ಕನ ಮಗಳದೂ ಇದೇ ಕಥೆ. ಮದುವೆಯಾದ ಮೇಲೆ ಅನುಮಾನ ಹೋಗಲಿಲ್ಲ, ಪ್ರಶ್ನೆ ಜಾಸ್ತಿ ಆದವು, ಅಷ್ಟೇ. ಇನ್ನೊಂದು ಮಾತು. ಅವನು ಹೇಳೋದಕ್ಕೂ ಮಾಡೋದಕ್ಕೂ ತಾಳೆ ಆಗದಿದ್ದರೆ ಅದು ನಿನ್ನ ಮನಸ್ಸಿನ ದೋಷ ಅಲ್ಲ. ಆಗ ಸುಮ್ನೆ ನಿನ್ನನ್ನ ನೀನೇ ಬೈಕೋಬೇಡ.
– ಗೃಹಿಣಿ, ಹುಬ್ಬಳ್ಳಿ

ನಾನು ಆ ಹುಡುಗನ ಕಡೆಯವನು! ನಮ್ಮ ಫ್ಯಾಕ್ಟರಿಯಲ್ಲಿ ಶಿಫ್ಟ್ ಮುಗಿಯುವವರೆಗೆ ಫೋನ್ ಲಾಕರ್‌ನಲ್ಲೇ ಇಡಬೇಕು. ನನ್ನ ಹುಡುಗಿ ಅಷ್ಟು ಹೊತ್ತೂ ಒದ್ದಾಡುತ್ತಿದ್ದಳು. ಈಗ ಒಳಗೆ ಹೋಗುವ ಮುಂಚೆ ‘ಹತ್ತೂವರೆಗೆ ಫೋನ್ ಮಾಡ್ತೀನಿ’ ಅಂತ ಹೇಳಿ ಹೋಗುತ್ತೇನೆ. ಹೇಳಿದ ಹೊತ್ತಿಗೆ ಮಾಡುತ್ತೇನೆ ಕೂಡ. ಅರ್ಧ ಜಗಳ ಅಲ್ಲಿಗೇ ನಿಂತಿತು. ಪಾಸ್‌ವರ್ಡ್ ಮಾತ್ರ ಕೊಟ್ಟಿಲ್ಲ, ಕೊಡೋದೂ ಇಲ್ಲ. ಅದರ ಜಗಳ ಇನ್ನೂ ನಡೀತಿದೆ.
– ಓದುಗ, ತುಮಕೂರು